ರಾಮ್ಸರ್ ಪಟ್ಟ ಸಿಕ್ಕಿತು, ಒಡೆದ ಗಜನಿ ಕಟ್ಟಿಗೆ ಅನುದಾನ ಕೊಡುವವರು ಯಾರು?

ಗಜನಿಗದ್ದೆ
ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಅಂಚಿಗೆ ನಮ್ಮ ಮನೆಗೆ ಒಂದು ಎಕರೆ ಹನ್ನೆರಡು ಗುಂಟೆ ಗಜನಿ, ಅಂದರೆ ಉಪ್ಪು ನೀರಿನ ಬದಿಯ ತಗ್ಗು ಗದ್ದೆ, ಇದೆ. ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆ ಎತ್ತಿ ಉಪ್ಪು ನೀರು ಬಿಟ್ಟರೆ ಮೀನು, ಸಿಗಡಿ. ಈಗ ಉಪ್ಪು ನೀರು ತಡೆಯುವ ಹೊರಗಟ್ಟು ಒಡೆದು ನಾಲ್ಕು ವರ್ಷವಾಯಿತು. ಕಟ್ಟು ನನ್ನೊಬ್ಬನದಲ್ಲ, ನಲವತ್ತು ಮನೆಗಳದ್ದು. ಹುಣ್ಣಿಮೆ, ಅಮಾವಾಸ್ಯೆಯ ಭರತಕ್ಕೆ ನೀರು ಗದ್ದೆಗೆ ನುಗ್ಗುತ್ತದೆ. ಬಿತ್ತುವ ಮಾತೇ ಇಲ್ಲ.

2024ರ ಜನವರಿ ಕೊನೆಯಲ್ಲಿ ನಮ್ಮ ಅಳಿವೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದಾಗ ಊರಿನಲ್ಲಿ ಸಂಭ್ರಮವಿತ್ತು. ಜೌಗು ಪ್ರದೇಶ ಸಂರಕ್ಷಣೆಗೆ ಕೇಂದ್ರದ ಹಣ ಬರುತ್ತದೆ ಎಂದು ಎಲ್ಲರೂ ಹೇಳಿದರು. ನಾನು ಮೂರು ಕಚೇರಿ ಸುತ್ತಿದೆ. ಮೊದಲನೆಯದರಲ್ಲಿ ಇದು ಕೃಷಿ ಎಂದರು. ಎರಡನೆಯದರಲ್ಲಿ ಇದು ಮೀನುಗಾರಿಕೆ ಎಂದರು. ಮೂರನೆಯವರು ಪಹಣಿ ನೋಡಿ, "ಖಾಸಗಿ ಜಾಗ, ನಮಗೆ ಬರುವುದಿಲ್ಲ" ಎಂದು ವಾಪಸು ಕೊಟ್ಟರು. ತಿಳಿದವರು ಹೇಳಿ: ಈ ಅನುದಾನಕ್ಕೆ ಅರ್ಜಿ ಹಾಕುವುದು ಎಲ್ಲಿ?

ಎರಡನೇ ಪಾಳಿ
ನಾಲ್ಕನೆಯ ಕಚೇರಿಗೂ ಹೋಗಿ ಬನ್ನಿ. ಅಲ್ಲಿ ಇದು ಸಮುದ್ರ ಎನ್ನುತ್ತಾರೆ.

ನಿವೃತ್ತ ಗುಮಾಸ್ತ
ನಗುವ ವಿಷಯವಲ್ಲ ಮಾರಾಯರೇ, ಆದರೆ ನಗು ಬರುತ್ತದೆ. ಮೂವತ್ತು ವರ್ಷ ಕಡತ ಹೊತ್ತವನಾಗಿ ಹೇಳುತ್ತೇನೆ: ಮೂವರೂ ಸುಳ್ಳು ಹೇಳಿಲ್ಲ.

ಮೊದಲು ರಾಮ್ಸರ್ ವಿಷಯ. ಅದು ಅನುದಾನವಲ್ಲ, ಮಾನ್ಯತೆ. 1971ರಲ್ಲಿ ಇರಾನಿನ ರಾಮ್ಸರ್ ಊರಿನಲ್ಲಿ ಆದ ಒಪ್ಪಂದದ ಪಟ್ಟಿ. ಹೆಸರು ಸೇರಿತು ಎಂದು ಅಲ್ಲಿಂದ ಚೆಕ್ ಬರುವುದಿಲ್ಲ. ನಮ್ಮ ದೇಶದಲ್ಲಿ ಹಣ ಬರುವ ದಾರಿ ಬೇರೆ. ಜಲ ಪರಿಸರ ವ್ಯವಸ್ಥೆಗಳ ಸಂರಕ್ಷಣೆಯ ರಾಷ್ಟ್ರೀಯ ಯೋಜನೆ ಎಂದು ಒಂದಿದೆ. ಕೆರೆಗಳಿಗೆ ಒಂದು, ಜೌಗು ಪ್ರದೇಶಗಳಿಗೆ ಒಂದು ಎಂದು ಬೇರೆ ಬೇರೆ ಇದ್ದದ್ದನ್ನು 2013ರಲ್ಲಿ ಒಟ್ಟು ಮಾಡಿದರು. ಅದರಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಪ್ರಸ್ತಾವನೆ ಕಳುಹಿಸಬೇಕಾದದ್ದು ರಾಜ್ಯ ಸರ್ಕಾರ, ಅದೂ ಇಡೀ ಅಳಿವೆಗೆ ಒಂದು ಸಮಗ್ರ ನಿರ್ವಹಣಾ ಯೋಜನೆ ಮಾಡಿಕೊಂಡು. ಒಬ್ಬ ರೈತ ಅರ್ಜಿ ಹಾಕುವ ನಮೂನೆಯೇ ಅದರಲ್ಲಿ ಇಲ್ಲ. ನೀವು ತಪ್ಪು ಕಚೇರಿಗೆ ಹೋಗಿಲ್ಲ. ಸರಿಯಾದ ಕಚೇರಿಯೇ ಇಲ್ಲ.

ಗಜನಿಗದ್ದೆ
ಹಾಗಾದರೆ ಪಟ್ಟಿಗೆ ಸೇರಿದ 4,801 ಹೆಕ್ಟೇರಿನಲ್ಲಿ ನನ್ನ ಒಂದು ಎಕರೆ ಹನ್ನೆರಡು ಗುಂಟೆಗೆ ಸಿಕ್ಕಿದ್ದು ಬರೀ ಹೆಸರೋ?

ಕಡಲಂಚು
ಮಿಷ್ಟಿ ಯೋಜನೆ ಕೇಳಿ ನೋಡಿ. ನಮ್ಮ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡಲು ಹಣ ಬಂದಿದೆ ಎಂದು ಸುದ್ದಿ.

ನಿವೃತ್ತ ಗುಮಾಸ್ತ
ಅದು 2023ರ ಬಜೆಟ್ಟಿನಲ್ಲಿ ಘೋಷಣೆಯಾದದ್ದು, ಅದೇ ವರ್ಷ ಜೂನ್ 5ರಂದು ಚಾಲನೆ ಸಿಕ್ಕಿತು. ಒಂಬತ್ತು ರಾಜ್ಯ, ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿ ಐದು ವರ್ಷಕ್ಕೆ ಸುಮಾರು 540 ಚದರ ಕಿಲೋಮೀಟರ್ ಕಾಂಡ್ಲಾ ಬೆಳೆಸುವ ಗುರಿ. ಹಣ ಕ್ಯಾಂಪಾ ನಿಧಿ, ಉದ್ಯೋಗ ಖಾತರಿ ಇತ್ಯಾದಿಗಳಿಂದ ಜೋಡಿಸಿಕೊಳ್ಳುವುದು. ಕ್ಯಾಂಪಾ ಎಂದರೆ ಎಲ್ಲೋ ಅಣೆಕಟ್ಟಿಗೋ ರಸ್ತೆಗೋ ಕಾಡು ಕಡಿದವರು ಕಟ್ಟಿದ ದುಡ್ಡು. ಘಟ್ಟದ ಮೇಲೆ ಮರ ಬಿದ್ದರೆ ಕಡಲ ಬದಿಯಲ್ಲಿ ಸಸಿ ಏಳುತ್ತದೆ, ಲೆಕ್ಕ ಸರಿಹೋಯಿತು. ಗದ್ದೆಯ ಕಟ್ಟು ಇದರೊಳಗೆ ಬರುವುದಿಲ್ಲ.

ಎರಡನೇ ಪಾಳಿ
ಬಂಗಾಳಿಯಲ್ಲಿ ಮಿಷ್ಟಿ ಎಂದರೆ ಸಿಹಿ. ಹೆಸರು ಸಿಹಿ, ನೆಲ ಉಪ್ಪು.

ಹೊನ್ನಾವರದವಳು
ಸಸಿ ನೆಡುವ ಬಗ್ಗೆ ನನಗೊಂದು ದೂರಿದೆ. ನನ್ನ ತವರಿನ ಹೆಂಗಸರು ಇಳಿತದ ಹೊತ್ತಿಗೆ ಕೆಸರಿಗೆ ಇಳಿದು ಬೆಳಚು (ತಿನ್ನುವ ಚಿಪ್ಪುಮೀನು) ಹೆಕ್ಕಿ ಮಾರಿಯೇ ಮನೆ ನಡೆಸಿದವರು. ಒಂದು ವರ್ಷ ಅದೇ ಕೆಸರುದಿಬ್ಬದ ಮೇಲೆ ಸಾಲು ಹಿಡಿದು ಕಾಂಡ್ಲಾ ನೆಟ್ಟರು. ಕೂಲಿ ಸಿಕ್ಕಿತು, ಇಲ್ಲ ಎನ್ನುವುದಿಲ್ಲ. ನೆಟ್ಟವರೂ ಇದೇ ಹೆಂಗಸರೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಸಸಿ ಸತ್ತವು. ಕಾಂಡಕ್ಕೆಲ್ಲ ಚಿಪ್ಪು ಹುಳು ಹತ್ತಿಕೊಂಡು, ಭಾರಕ್ಕೆ ಬಾಗಿ, ಅಲೆಗೆ ಕಿತ್ತು ಹೋದವು. ಉಳಿದ ಕಡೆ ಕೋಲು ನಿಂತಿವೆ, ನಡುವೆ ಕಾಲಿಡಲು ಆಗುವುದಿಲ್ಲ. ಅತ್ತ ಕಾಡೂ ಆಗಲಿಲ್ಲ, ಇತ್ತ ಬೆಳಚೂ ಇಲ್ಲ.

ಬರಿಯ ಕೆಸರು ಕಂಡರೆ ಇವರಿಗೆ ಅದು ಖಾಲಿ ಜಾಗ. ಚಳಿಗಾಲದಲ್ಲಿ ದೂರದಿಂದ ಬರುವ ಉದ್ದ ಕೊಕ್ಕಿನ ಹಕ್ಕಿಗಳು ಊಟ ಮಾಡುವುದೂ ಅದೇ ಖಾಲಿ ಜಾಗದಲ್ಲಿ.

ಕಾಂಡ್ಲಾ ಪಕ್ಷ
ಅಕ್ಕಾ, ಒಂದು ಊರಿನ ಅನುಭವ ಹಿಡಿದು ಯೋಜನೆಯನ್ನೇ ಬೈಯಬೇಡಿ. ನಾನು ಕುಂದಾಪುರದವನು. ಪಂಚಗಂಗಾವಳಿಯಲ್ಲಿ ಕಾಂಡ್ಲಾ ಇದ್ದ ಕಡೆ ದಂಡೆ ಉಳಿದಿದೆ, ಇಲ್ಲದ ಕಡೆ ತೆಂಗಿನ ಮರ ಬುಡಸಮೇತ ನೀರಿಗೆ ಬಿದ್ದಿದೆ. ಇದಕ್ಕೆ ವರದಿ ಬೇಕಿಲ್ಲ, ಕಣ್ಣು ಸಾಕು. ರಾಜ್ಯದ ಕಾಂಡ್ಲಾ ವಿಸ್ತೀರ್ಣ ಅರಣ್ಯ ಸಮೀಕ್ಷೆಯ 2019ರ ವರದಿಯಲ್ಲಿ 10 ಚದರ ಕಿಲೋಮೀಟರ್ ಇದ್ದದ್ದು 2021ರದ್ದರಲ್ಲಿ 13 ಆಯಿತು. ನೆಡದೆ ಆಯಿತೇ?

ಹೊನ್ನಾವರದವಳು
ತಮ್ಮಾ, ಅದರಲ್ಲಿ ನೆಟ್ಟದ್ದೆಷ್ಟು, ತಾನಾಗಿ ಬಂದದ್ದೆಷ್ಟು ಎಂದು ವಿಂಗಡಿಸಿ ಹೇಳುತ್ತೀಯಾ? ನಮ್ಮ ಗಜನಿಗಳು ಹಾಳು ಬಿದ್ದ ಕಡೆಯೆಲ್ಲ ಕಾಂಡ್ಲಾ ತಾನೇ ಎದ್ದಿದೆ. ಕಾಯಿ ಮರದಲ್ಲೇ ಮೊಳೆತು ನುಗ್ಗೆಯಂತೆ ತೂಗಿ, ಬಿದ್ದು, ತೇಲಿ, ತನಗೆ ಸರಿ ಎನಿಸಿದ ಕಡೆ ಊರುತ್ತದೆ. ಅದಕ್ಕೆ ಜಾಗದ ಆಯ್ಕೆ ನಮಗಿಂತ ಚೆನ್ನಾಗಿ ಗೊತ್ತು. ಕಾಂಡ್ಲಾ ಬೇಡ ಎಂದು ನಾನು ಹೇಳಿಲ್ಲ. ಬೆಳಚಿನ ದಿಬ್ಬದ ಮೇಲೆ ಬೇಡ ಎಂದೆ.

ಕಾಂಡ್ಲಾ ಪಕ್ಷ
ಜಾಗದ ಆಯ್ಕೆ ತಪ್ಪಾಗಿರಬಹುದು ಎನ್ನುವುದನ್ನು ಒಪ್ಪುತ್ತೇನೆ. ಭರತದ ನೀರು ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯದೆ ನೆಟ್ಟರೆ ಹೀಗೇ. ಇಳಿಜಾರಿನ ಮೇಲಿನ ಭಾಗಕ್ಕೆ ಉಪ್ಪಟ್ಟಿ ಎಂಬ ಕಾಂಡ್ಲಾ ಜಾತಿ ಹಾಕಬೇಕಾದಲ್ಲೂ ಉದ್ದ ಕಾಯಿಯ ಜಾತಿಯನ್ನೇ ಊರುತ್ತಾರೆ, ಏಕೆಂದರೆ ಅದನ್ನು ಒಟ್ಟುಮಾಡುವುದು, ಊರುವುದು ಎರಡೂ ಸುಲಭ.

ನಿವೃತ್ತ ಗುಮಾಸ್ತ
ಸುಲಭ ಮಾತ್ರವಲ್ಲ, ಎಣಿಸಲೂ ಬರುತ್ತದೆ. ಹೆಕ್ಟೇರಿಗೆ ಇಷ್ಟು ಸಸಿ, ಸಸಿಗೆ ಇಷ್ಟು ಗುಂಡಿ, ಗುಂಡಿಗೆ ಇಷ್ಟು ಕೂಲಿ. ಬಳಕೆ ಪ್ರಮಾಣಪತ್ರ ಬರೆಯುವವನಿಗೆ ಇದಕ್ಕಿಂತ ಸುಖ ಇಲ್ಲ. ಅದೇ ಕಾಲಂನಲ್ಲಿ "ಬೆಳಚಿನ ದಿಬ್ಬವನ್ನು ಮುಟ್ಟದೆ ಬಿಟ್ಟಿದ್ದೇವೆ" ಎಂದು ಬರೆದರೆ ಲೆಕ್ಕ ಪರಿಶೋಧಕ ಕೇಳುತ್ತಾನೆ: ಹಾಗಾದರೆ ಖರ್ಚು ಎಲ್ಲಿ?

ಮುಂಬೈ ಕುಮಟೇಕರ
ನಾನು ನವಿ ಮುಂಬೈಯಲ್ಲಿದ್ದೇನೆ. ಮಹಾರಾಷ್ಟ್ರದಲ್ಲಿ 2012ರಲ್ಲಿಯೇ ಕಾಂಡ್ಲಾ ಕಾಡಿಗೆಂದು ಅರಣ್ಯ ಇಲಾಖೆಯೊಳಗೆ ಪ್ರತ್ಯೇಕ ವಿಭಾಗ ಮಾಡಿದರು. ಕಾಂಡ್ಲಾ ಇರುವ ಊರುಗಳ ಜನರು ಗುಂಪು ಕಟ್ಟಿಕೊಂಡರೆ ಏಡಿ ಸಾಕಣೆ, ಕಲ್ಲುಚಿಪ್ಪು ಸಾಕಣೆ, ದೋಣಿ ಪ್ರವಾಸ ಇಂಥದ್ದಕ್ಕೆಲ್ಲ ಸಹಾಯಧನ ಕೊಡುತ್ತಾರೆ, ವೆಚ್ಚದ ದೊಡ್ಡ ಪಾಲು ಸರ್ಕಾರದ್ದೇ. ಕಾಡು ಕಾಯ್ದರೆ ಹೊಟ್ಟೆಗೂ ದಾರಿ ಎಂಬ ಲೆಕ್ಕ. ನಮ್ಮಲ್ಲಿ ಯಾಕೆ ಆಗಬಾರದು?

ಎರಡನೇ ಪಾಳಿ
ಕಾಂಡ್ಲಾ ಬದಿಯಲ್ಲೇ ವಿಮಾನ ನಿಲ್ದಾಣ ಕಟ್ಟಿದ ಊರಿನಿಂದ ನಮಗೆ ಪಾಠ. ಸರಿ, ಕೇಳೋಣ.

ಮುಂಬೈ ಕುಮಟೇಕರ
ಒಳ್ಳೆಯದನ್ನು ಹೇಳಿದರೂ ಕುಟುಕುತ್ತೀರಲ್ಲ. ಹೊಟ್ಟೆಪಾಡಿಗೆ ಇಲ್ಲಿದ್ದೇನೆ, ನಿಲ್ದಾಣ ನಾನು ಕಟ್ಟಿಸಿದ್ದಲ್ಲ.

ಕಾಸರಗೋಡು ಕಡೆಯವ
ಅನುದಾನ ಗದ್ದೆಯ ಯಜಮಾನನಿಗೇ ಬರುವ ಉದಾಹರಣೆ ಬೇಕಾದರೆ ಕೇರಳ ನೋಡಿ. ಭತ್ತದ ಗದ್ದೆ ಮತ್ತು ಜೌಗು ಸಂರಕ್ಷಣೆಗೆ 2008ರಲ್ಲಿ ಕಾಯ್ದೆ ಆಯಿತು. ಬರೀ ಕಾಯ್ದೆಯಿಂದ ಗದ್ದೆ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ 2020ರಿಂದ ರಾಯಲ್ಟಿ ಎಂದು ಕೊಡತೊಡಗಿದರು. ಗದ್ದೆಯನ್ನು ಗದ್ದೆಯಾಗಿಯೇ ಇಟ್ಟುಕೊಂಡವರಿಗೆ ಶುರುವಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ. ನೀರು ಇಂಗಿಸುತ್ತೀರಿ, ನೆರೆ ತಡೆಯುತ್ತೀರಿ, ಅದಕ್ಕೆ ಇದು ಸಲ್ಲಬೇಕಾದ್ದು ಎಂಬ ಮಾತು. ಮೊತ್ತ ಸಣ್ಣದು, ಪದ ದೊಡ್ಡದು. ಭಿಕ್ಷೆ ಅಲ್ಲ, ರಾಯಲ್ಟಿ.

ನಿಮ್ಮ ಕಗ್ಗಕ್ಕೆ ಅಣ್ಣತಮ್ಮಂದಿರೂ ಇಲ್ಲಿದ್ದಾರೆ. ಎರ್ನಾಕುಳಂ ಕಡೆ ಪೊಕ್ಕಾಳಿ, ಕಣ್ಣೂರಿನಲ್ಲಿ ಕೈಪಾಡ್. ಅದೇ ಪದ್ಧತಿ, ಮಳೆಗೆ ಭತ್ತ, ಬೇಸಿಗೆಗೆ ಸಿಗಡಿ. ಕಣ್ಣೂರಿನಲ್ಲೇ ಕಲ್ಲೇನ್ ಪೊಕ್ಕುಡನ್ ಎಂಬವರಿದ್ದರು. ದಲಿತ ಕೂಲಿಕಾರ. ಯಾವ ಅನುದಾನವೂ ಇಲ್ಲದೆ ದಂಡೆಯುದ್ದಕ್ಕೂ ಕಾಂಡ್ಲಾ ನೆಟ್ಟರು. 2015ರಲ್ಲಿ ತೀರಿಕೊಂಡರು.

ಗಜನಿಗದ್ದೆ
ಹೆಕ್ಟೇರಿಗೆ 2,000 ಎಂದರೆ ನನ್ನ ಪಾಲಿಗೆ ಸಾವಿರ ಚಿಲ್ಲರೆ. ಕಟ್ಟಿನ ಮಣ್ಣು ಹೊರುವ ಒಬ್ಬ ಆಳಿನ ಎರಡು ದಿನದ ಕೂಲಿಯೂ ಅಲ್ಲ. ಆದರೂ ನಲವತ್ತು ಮನೆಯದು ಕೂಡಿಸಿದರೆ ಏನೋ ಒಂದು.

ಕಡಲಂಚು
ನನ್ನ ಭಯವೇ ಬೇರೆ. ರಾಮ್ಸರ್ ಆದ ಮೇಲೆ ಜಾಗ ಸರ್ಕಾರದ್ದಾಗುತ್ತದೆ, ಮೀನು ಹಿಡಿಯಲು ಪರವಾನಗಿ ಬೇಕು, ಮನೆ ದುರಸ್ತಿಗೂ ಬಿಡುವುದಿಲ್ಲ ಎಂದು ನಮ್ಮಲ್ಲಿ ಮಾತಾಡುತ್ತಿದ್ದಾರೆ. ಅನುದಾನ ತೆಗೆದುಕೊಂಡರೆ ಕುತ್ತಿಗೆ ಕೊಟ್ಟಂತೆ ಎನ್ನುತ್ತಾರೆ.

ನಿವೃತ್ತ ಗುಮಾಸ್ತ
ಈ ಗಾಳಿಮಾತು ನಿಲ್ಲಬೇಕು. ಅಘನಾಶಿನಿ ಹೆಸರಿನಲ್ಲೇ ಗೊಂದಲವಿದೆ: 2011ರಲ್ಲಿ ಘಟ್ಟದ ಮೇಲೆ ಸಿಂಗಳೀಕಕ್ಕಾಗಿ ಘೋಷಿಸಿದ ಸಂರಕ್ಷಣಾ ಮೀಸಲು ಬೇರೆ, ಈ ಅಳಿವೆ ಬೇರೆ. ರಾಮ್ಸರ್ ಆದರೆ ಒಡೆತನ ಬದಲಾಗುವುದಿಲ್ಲ. 2017ರ ಜೌಗು ಪ್ರದೇಶ ನಿಯಮಗಳಲ್ಲಿ ನಿಷೇಧ ಇರುವುದು ಒತ್ತುವರಿ, ಕಾರ್ಖಾನೆ, ಕಸ ಸುರಿಯುವುದು, ಕೊಳಚೆ ಬಿಡುವುದು, ಪಕ್ಕದಲ್ಲಿ ಕಾಯಂ ಕಟ್ಟಡ ಇಂಥದ್ದಕ್ಕೆ. ಜನರ ವಿವೇಕದ ಬಳಕೆ ಮುಂದುವರಿಯಬಹುದು ಎಂದೇ ಬರೆದಿದ್ದಾರೆ. ದಂಡೆಯಲ್ಲಿ ಮನೆ ಕಟ್ಟಲು ನಿಮಗೆ ಅಡ್ಡ ಬರುವುದು ರಾಮ್ಸರ್ ಅಲ್ಲ, ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಅದು ಮೊದಲಿನಿಂದಲೂ ಇದೆ.

ಇನ್ನು ಒಂದು ತಮಾಷೆ ಕೇಳಿ. ಅದೇ ನಿಯಮಗಳಲ್ಲಿ ಜೌಗು ಪ್ರದೇಶ ಎಂದರೆ ಏನು ಎಂಬ ವ್ಯಾಖ್ಯೆ ಇದೆ. ಭತ್ತದ ಗದ್ದೆ, ಮೀನು ಸಾಕುವ ಹೊಂಡ, ಉಪ್ಪಿನ ಆಗರ ಇವನ್ನು ಅದರಿಂದ ಹೊರಗಿಟ್ಟಿದ್ದಾರೆ. ಅಂದರೆ ಗಜನಿಗದ್ದೆಯವರು ಕಟ್ಟು ಗಟ್ಟಿ ಮಾಡಿ ಕಗ್ಗ ಬೆಳೆದರೆ ಅದು ಭತ್ತದ ಗದ್ದೆ, ಜೌಗು ಅಲ್ಲ. ಕಟ್ಟು ಒಡೆದು ಹಾಳು ಸುರಿದರೆ ಜೌಗು. ಹಾಳು ಬಿದ್ದದ್ದನ್ನು ಸಂರಕ್ಷಿಸಲು ಹಣ ಉಂಟು, ಬೀಳದಂತೆ ನೋಡಿಕೊಳ್ಳಲು ಇಲ್ಲ.

ಎರಡನೇ ಪಾಳಿ
ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಬೇಕು.

ಹೊಂಡದ ಯಜಮಾನ
ಎಲ್ಲರೂ ಕಗ್ಗ ಕಗ್ಗ ಎಂದು ಹಾಡುತ್ತಿದ್ದೀರಿ. ಬೆಳೆಯುವವರು ಯಾರು? ನಾನು ಸಿಗಡಿ ಹೊಂಡ ಮಾಡಿದ್ದೇನೆ, ನಾಚಿಕೆಯಿಲ್ಲದೆ ಹೇಳುತ್ತೇನೆ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇಕಡಾ 40 ಸಹಾಯಧನ, ಮಹಿಳೆಯರಿಗೆ ಹಾಗೂ ಪರಿಶಿಷ್ಟರಿಗೆ ಶೇಕಡಾ 60. ಅರ್ಜಿಗೆ ನಮೂನೆ ಇದೆ, ಕಚೇರಿ ಇದೆ, ಬಾಗಿಲಿಗೆ ಬಂದು ನೋಡುವ ಅಧಿಕಾರಿ ಇದ್ದಾರೆ. ಗಜನಿ ಕಟ್ಟಿಗೆ ಇದರಲ್ಲಿ ಏನಿದೆ? ರೈತ ಯಾವ ಕಡೆ ಹೋಗುತ್ತಾನೆ, ನೀವೇ ಹೇಳಿ.

ಹೊನ್ನಾವರದವಳು
ನಿಮ್ಮನ್ನು ಬೈಯುವುದಿಲ್ಲ. ಆದರೆ ಹೊಂಡದ ನೀರನ್ನು ಎಲ್ಲಿಗೆ ಬಿಡುತ್ತೀರಿ? 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಹೊಂಡಗಳ ಮೇಲೆ ಅಷ್ಟು ಕಟುವಾದ ತೀರ್ಪು ಕೊಟ್ಟದ್ದು ಸುಮ್ಮನೆ ಅಲ್ಲ. ನಮ್ಮ ಕಡೆ ಕಾಯಿಲೆ ಬಂದು ಒಂದೇ ರಾತ್ರಿ ಹೊಂಡವೆಲ್ಲ ಸತ್ತ ವರ್ಷ ನೆನಪಿದೆ. ಹೊಂಡ ಬಿಟ್ಟು ಹೋದವರ ಗಜನಿ ಇಂದಿಗೂ ಭತ್ತಕ್ಕೆ ಮರಳಿಲ್ಲ.

ಹೊಂಡದ ಯಜಮಾನ
ನೋಂದಣಿ ಮಾಡಿಸಿ ನಡೆಸುತ್ತಿದ್ದೇನೆ, ನೀರು ತಂಗಿಸಿಯೇ ಬಿಡುತ್ತೇನೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಆ ಹಾಳಾದ ಹೊರಗಟ್ಟು ಕೂಡ ಆಕಾಶದಿಂದ ಬಿದ್ದದ್ದಲ್ಲ. ಎಪ್ಪತ್ತರ ದಶಕದ ಸುಮಾರಿಗೆ ಖಾರ್‌ಲ್ಯಾಂಡ್ ಯೋಜನೆ ಎಂದು ಸರ್ಕಾರವೇ ಕಲ್ಲಿನ ಕಟ್ಟು ಹಾಕಿಸಿತು. ಅದಕ್ಕೆ ಮೊದಲು ಮಣ್ಣಿನ ಕಟ್ಟು ಇತ್ತು, ವರ್ಷ ವರ್ಷ ಊರವರೇ ಸೇರಿ ಕೆಸರು ಮೆತ್ತುತ್ತಿದ್ದರು. ಸರ್ಕಾರ ಕಟ್ಟಿದ ಮೇಲೆ ಊರವರು ಕೈ ಬಿಟ್ಟರು, ಆಮೇಲೆ ಸರ್ಕಾರವೂ ಬಿಟ್ಟಿತು.

ಗಜನಿಗದ್ದೆ
ಈ ಮಾತು ನಿಜ. ಅಜ್ಜ ಹೇಳುತ್ತಿದ್ದರು, ಮೇ ತಿಂಗಳಲ್ಲಿ ಕಟ್ಟಿನ ಕೆಲಸಕ್ಕೆ ಬಾರದ ಮನೆಗೆ ಬೇಸಿಗೆಯ ಮೀನಿನಲ್ಲಿ ಪಾಲಿಲ್ಲ ಎಂದು.

ಕಗ್ಗ ಯಾರೂ ಬೆಳೆಯುವುದಿಲ್ಲ ಎಂಬುದಕ್ಕೂ ಕಾರಣ ಹೇಳುತ್ತೇನೆ. ಅದು ಒಬ್ಬ ಬೆಳೆಯುವ ಬೆಳೆಯಲ್ಲ. ಆರು ವರ್ಷದ ಹಿಂದೆ ಕಟ್ಟು ಇನ್ನೂ ಸರಿಯಿದ್ದಾಗ ನಮ್ಮ ಮನೆಯೊಂದೇ ಬಿತ್ತಿತು. ಬೀಜ ಮೊಳಕೆ ಬರಿಸಿ ಎರಚಿದೆವು. ಗೊಬ್ಬರ ಇಲ್ಲ, ಔಷಧ ಇಲ್ಲ, ನೆರೆಯಲ್ಲಿ ಮುಳುಗಿ ಎದ್ದಿತು, ಎದೆಯೆತ್ತರ ಬೆಳೆಯಿತು. ತೆನೆ ಬಲಿಯುವ ಹೊತ್ತಿಗೆ ಇಡೀ ಅಳಿವೆಯ ಹಕ್ಕಿಗಳಿಗೆ ನಮ್ಮದೊಂದೇ ಗದ್ದೆ. ಒಂದೂವರೆ ಚೀಲ ಮನೆಗೆ ಬಂತು. ಎಲ್ಲರೂ ಬೆಳೆಯುತ್ತಿದ್ದಾಗ ಹಕ್ಕಿಯ ಪಾಲು ಎಲ್ಲರಿಗೂ ಹಂಚಿಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

ಕಾಂಡ್ಲಾ ಪಕ್ಷ
ಆ ಅಕ್ಕಿ ತಿನ್ನಲು ಹೇಗಿರುತ್ತದೆ?

ಗಜನಿಗದ್ದೆ
ಕೆಂಪಕ್ಕಿ. ಗಂಜಿಗೆ ಅದಕ್ಕೆ ಸಮ ಇಲ್ಲ. ಬೆಳಿಗ್ಗೆ ಉಂಡರೆ ಮಧ್ಯಾಹ್ನದವರೆಗೆ ಹಸಿವಿನ ನೆನಪಾಗುವುದಿಲ್ಲ.

ಎರಡನೇ ಪಾಳಿ
ಜೊತೆಗೆ ಬೆಳಚಿನ ಸುಕ್ಕ ಇದ್ದರೆ ಅನುದಾನದ ನೆನಪೂ ಆಗುವುದಿಲ್ಲ.

ಮಂಗಳೂರು ಮೀನೂಟ
ಬೆಳಚು ಅಲ್ಲ, ಮರುವಾಯಿ. ತೆಂಗಿನಕಾಯಿ ಹುರಿದು ಹಾಕಬೇಕು.

ಹೊನ್ನಾವರದವಳು
ಹುರಿದರೆ ಅದರ ರುಚಿಯೇ ಹೋಯಿತು. ಹಸಿ ಕಾಯಿ, ಒಣ ಮೆಣಸು, ಸ್ವಲ್ಪ ಹುಳಿ, ಮುಗಿಯಿತು. ಈ ಜಗಳ ಬೇರೆ ದಿನ ಆಡೋಣ.

ಆದರೆ ಬೆಳಚಿನ ಮಾತು ಬಂದದ್ದಕ್ಕೆ ಒಂದು ಹೇಳಬೇಕು. ನಮ್ಮ ಶರಾವತಿ ಅಳಿವೆಯಲ್ಲಿ ಬೆಳಚು ಕಡಿಮೆಯಾದದ್ದಕ್ಕೆ ಹಿರಿಯರು ಅಣೆಕಟ್ಟನ್ನೇ ಬೈಯುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಆಯಿತು. ವಿದ್ಯುತ್ತಿಗೆ ವರ್ಷವಿಡೀ ನೀರು ಬಿಡುತ್ತಾರೆ, ಬೇಸಿಗೆಯಲ್ಲೂ ಅಳಿವೆಗೆ ಸಿಹಿ ನೀರು ಬರುತ್ತಲೇ ಇರುತ್ತದೆ, ಉಪ್ಪು ಏರುವುದಿಲ್ಲ. ಉಪ್ಪಿಲ್ಲದೆ ಬೆಳಚಿಲ್ಲ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅದಕ್ಕೇ ನಿಮ್ಮಲ್ಲಿ ಇನ್ನೂ ಉಳಿದಿದೆ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಅದನ್ನು ತಡೆದದ್ದು ಜನ, ಅನುದಾನ ಅಲ್ಲ. ಈಗ ಅದೇ ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ಒಯ್ಯುವ ಪ್ರಸ್ತಾಪ ಇದೆ. ಮೇಲೆ ನೀರು ತಿರುಗಿಸಿ ಕೆಳಗೆ ಅಳಿವೆ ಸಂರಕ್ಷಣೆಗೆ ಎಷ್ಟು ಕೋಟಿ ಸುರಿದರೂ ಏನು ಬಂತು?

ಹೊಂಡದ ಯಜಮಾನ
ಬಯಲುಸೀಮೆಯವರಿಗೆ ಕುಡಿಯಲು ನೀರು ಬೇಡವೇ?

ಹೊನ್ನಾವರದವಳು
ಬೇಕು. ಆ ಚರ್ಚೆಗೆ ಇನ್ನೊಂದು ಎಳೆ ತೆರೆಯಿರಿ, ಅಲ್ಲಿಗೂ ಬರುತ್ತೇನೆ.

ನಿವೃತ್ತ ಗುಮಾಸ್ತ
ಮೂಲ ಪ್ರಶ್ನೆಗೆ ಬರೋಣ. ನಾನು ಗಜನಿಗದ್ದೆಯವರ ಜಾಗದಲ್ಲಿದ್ದರೆ ಹಣ ಕೇಳುವ ಮೊದಲು ಕಾಗದದಲ್ಲಿ ಹೆಸರು ಬರುವಂತೆ ನೋಡಿಕೊಳ್ಳುತ್ತಿದ್ದೆ. ರಾಮ್ಸರ್ ತಾಣಕ್ಕೆ ನಿರ್ವಹಣಾ ಯೋಜನೆ ಬರೆಯುವಾಗ ಸ್ಥಳೀಯರ ಅಭಿಪ್ರಾಯ ಕೇಳಬೇಕು. ಯಾರೂ ಕೊಡದಿದ್ದರೆ ಅದರಲ್ಲಿ ಬರುವುದು ವೀಕ್ಷಣಾ ಗೋಪುರ, ನಾಮಫಲಕ, ಒಂದು ಮರದ ಹಾದಿ. ನಲವತ್ತು ಮನೆಯವರು ಸೇರಿ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ: ಇಂಥ ಸರ್ವೆ ನಂಬರಿನ ಹೊರಗಟ್ಟು, ಇಷ್ಟು ಉದ್ದ, ಇದು ದುರಸ್ತಿಯಾದರೆ ಕಗ್ಗ ತಳಿ ಉಳಿಯುತ್ತದೆ ಎಂದು. ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆ ಹೇಳುತ್ತದೆ. ನಿಮ್ಮಲ್ಲಿ ಅದು ಹೆಸರಿಗಾದರೂ ಇರುತ್ತದೆ. ಅದರ ದಾಖಲೆ ಪುಸ್ತಕದಲ್ಲಿ ಕಗ್ಗ ಬರೆಸಿ. ನಿರ್ಣಯದ ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ರಾಜ್ಯದ ಜೌಗು ಪ್ರದೇಶ ಪ್ರಾಧಿಕಾರಕ್ಕೆ. ಎಲ್ಲದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಇಲ್ಲದ ಅರ್ಜಿ.

ಕಡಲಂಚು
ಇಷ್ಟೆಲ್ಲ ಮಾಡುವಷ್ಟರಲ್ಲಿ ಕಟ್ಟು ಅರಬ್ಬೀ ಸಮುದ್ರ ಸೇರಿರುತ್ತದೆ.

ಗಜನಿಗದ್ದೆ
(ಐದು ವಾರದ ನಂತರ)
ಗ್ರಾಮಸಭೆ ಆಯಿತು. ನಲವತ್ತರಲ್ಲಿ ಇಪ್ಪತ್ತಾರು ಮನೆಯವರು ಬಂದಿದ್ದರು. ಆರು ಮನೆಯವರು ಬೆಂಗಳೂರು, ಮುಂಬೈಯಿಂದ ಫೋನಿನಲ್ಲಿ ಒಪ್ಪಿಗೆ ಕೊಟ್ಟರು. ಉಳಿದವರು ಸಿಗಡಿಗೆ ಗುತ್ತಿಗೆ ಕೊಡುವ ಯೋಚನೆಯಲ್ಲಿದ್ದಾರೆ, ಬರಲಿಲ್ಲ. ನಿರ್ಣಯ ಬರೆಸಿದ್ದೇವೆ, ಮೊಹರು ಮೂರು ಕಡೆಯದೂ ಇದೆ. ಜೀವವೈವಿಧ್ಯ ಸಮಿತಿ ಹೆಸರಿಗೆ ಇತ್ತು, ಗುಮಾಸ್ತರು ಹೇಳಿದ್ದು ಸರಿ. ಪುಸ್ತಕ ಹುಡುಕಲು ಎರಡು ದಿನ ಹಿಡಿಯಿತು. ಅದರಲ್ಲಿ ನಮ್ಮ ಊರಿನ ಭತ್ತದ ತಳಿಗಳ ಪುಟ ಖಾಲಿ ಇತ್ತು. ಅಜ್ಜಿಯನ್ನು ಕರೆದುಕೊಂಡು ಹೋಗಿ ಬರೆಸಿದೆ. ಬಿಳಿ ಕಗ್ಗ, ಕರಿ ಕಗ್ಗ ಎಂದು ಬೇರೆ ಬೇರೆ ಹೇಳಿದಳು, ಅವರು ಬರೆದುಕೊಂಡರು.

ಹಣದ ಸುದ್ದಿ ಇಲ್ಲ. ಒಡೆದ ಜಾಗಕ್ಕೆ ಸದ್ಯಕ್ಕೆ ಮನೆಗೊಂದು ಆಳಿನಂತೆ ಹೋಗಿ ಚೀಲಕ್ಕೆ ಕೆಸರು ತುಂಬಿ ಪೇರಿಸಿದೆವು. ಹನ್ನೊಂದು ದಿನ ಹಿಡಿಯಿತು. ಹೊಂಡದ ಯಜಮಾನರು ಅವರ ಯಂತ್ರವನ್ನು ಎರಡು ದಿನ ಡೀಸೆಲ್ ಖರ್ಚಿಗೆ ಮಾತ್ರ ಕೊಟ್ಟರು, ಇದನ್ನು ಇಲ್ಲಿ ಹೇಳಲೇಬೇಕು. ಮೊನ್ನೆಯ ಅಮಾವಾಸ್ಯೆಗೆ ಒಂದು ಕಡೆ ಸ್ವಲ್ಪ ಸೋರಿತು, ನಿಂತಿದೆ.

ಹೊಂಡದ ಯಜಮಾನ
ಡೀಸೆಲ್ ಬಾಕಿ ಇನ್ನೂ ಇದೆ.

ಎರಡನೇ ಪಾಳಿ
ಮೊಹರು ಹಾಕಿಸಿಕೊಂಡಿದ್ದೀರಾ?

ಕಾಸರಗೋಡು ಕಡೆಯವ
ಬೀಜ ಇದೆಯೇ? ಈ ಮಳೆಗೆ ಬಿತ್ತಬೇಕೆಂದರೆ ಈಗಲೇ ನೋಡಿಕೊಳ್ಳಬೇಕು.

ಗಜನಿಗದ್ದೆ
ಮನೆಯಲ್ಲಿ ಇಲಿ ಬಿಟ್ಟದ್ದು ಹದಿನಾಲ್ಕು ಸೇರು ಇದೆ, ಆರು ವರ್ಷದ ಹಳೆಯದು, ಮೊಳೆಯುವುದು ಅನುಮಾನ. ಮಾಣಿಕಟ್ಟೆಯ ಕಡೆ ಇನ್ನೂ ಬೆಳೆಯುವವರಿದ್ದಾರೆ, ಭಾನುವಾರ ಹೋಗಿ ಕೇಳುತ್ತೇನೆ. ಯಾರಿಗಾದರೂ ಅಲ್ಲಿ ಪರಿಚಯ ಇದ್ದರೆ ಖಾಸಗಿ ಸಂದೇಶ ಹಾಕಿ. ಇಪ್ಪತ್ತಾರು ಮನೆಗೂ ಬೇಕು. ನಾನೊಬ್ಬನೇ ಬಿತ್ತಿದರೆ ಮತ್ತೆ ಹಕ್ಕಿಗೇ ಹಾಕಿದ ಹಾಗೆ.